ಅರ್ಧ ಕೆಜಿ ಕೀಮಾ, ಆರು ಬಟ್ಟಲು ಸೂಪ್

ಇವತ್ತು ಕೋಡ್ ಬಗ್ಗೆ ಮಾತಾಡಲ್ಲ, ಅಪ್ರೈಸಲ್ ಬಗ್ಗೆನೂ ಇಲ್ಲ. ಒಂದು ಸೂಪ್ ಬಗ್ಗೆ ಮಾತಾಡ್ತೀನಿ. ಬೀಫ್ ಕೀಮಾ, ನಾಲ್ಕೈದು ತರಕಾರಿ, ಸ್ವಲ್ಪ ಬಾರ್ಲಿ ಹಾಕಿ ಮಾಡೋ ಗಟ್ಟಿ ಸೂಪ್. ಹೋಟೆಲಲ್ಲಿ ಊಟಕ್ಕೆ ಮುಂಚೆ ಪುಟ್ಟ ಬಟ್ಟಲಲ್ಲಿ ಕೊಡ್ತಾರಲ್ಲ, ಕಾರ್ನ್‌ಫ್ಲೋರ್ ಹಾಕಿದ್ದು, ಅದಲ್ಲ. ಇದು ಇಡೀ ಊಟ. ಭಾನುವಾರ ಒಂದೂವರೆ ಗಂಟೆ ಕೊಟ್ಟರೆ ಇಬ್ಬರಿಗೆ ಮೂರು ರಾತ್ರಿ ನಡೆಯುತ್ತೆ.

ಹೈದರಾಬಾದ್, ಚೆನ್ನೈ, ಪುಣೆ ಎಲ್ಲೇ ಇರಲಿ, ನಮ್ಮಂಥವರ ವಾರದ ರಾತ್ರಿ ಊಟ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಅಮೆರಿಕದವರ ಜೊತೆ ಕಾಲ್ ಮುಗಿಯೋದು ಹತ್ತಕ್ಕೆ. ಆಗ ಮೊಬೈಲ್ ತೆಗೆದು ಬಿರಿಯಾನಿ ಆರ್ಡರ್ ಮಾಡ್ತೀವಿ. ಬರೋದು ಹನ್ನೊಂದಕ್ಕೆ. ಫ್ರಿಜ್ಜಲ್ಲಿ ಬಿಸಿ ಮಾಡಿದರೆ ಸಾಕು ಅನ್ನೋ ಊಟ ಇದ್ದರೆ ಈ ಕಥೆ ಇರಲ್ಲ. ಅಷ್ಟೇ ನನ್ನ ವಾದ.

ನಮ್ಮೂರು ಕೋಲಾರದ ಕಡೆ. ಮನೇಲಿ ಎಂಟು ಜನ. ಅರ್ಧ ಕೆಜಿ ದನದ ಬಾಡು ಬಂತು ಅಂದರೆ ಅಮ್ಮ ಅದಕ್ಕೆ ಮೂಲಂಗಿ, ಬದನೆಕಾಯಿ, ಅವರೆಕಾಳು, ಏನು ಸಿಕ್ಕುತ್ತೋ ಅದನ್ನೆಲ್ಲ ಸೇರಿಸಿ ದೊಡ್ಡ ಪಾತ್ರೆ ತುಂಬ ಸಾರು ಮಾಡೋರು. ಬಾಡು ಎಲ್ಲರ ತಟ್ಟೆಗೂ ಬರಬೇಕು, ಸಾರು ಎರಡು ಹೊತ್ತಿಗೆ ಆಗಬೇಕು. ಅದು ಬಡತನದ ಲೆಕ್ಕ. ಆದರೆ ಲೆಕ್ಕ ಸರಿಯಾಗಿತ್ತು. ಈ ಸೂಪೂ ಅದೇ ಲೆಕ್ಕದ್ದು: ಮಾಂಸ ಕಡಿಮೆ, ತರಕಾರಿ ಜಾಸ್ತಿ, ಮಾಂಸದ ರುಚಿ ಮಾತ್ರ ಪಾತ್ರೆ ತುಂಬ.

ಮೊದಲು ಮಾಂಸದ ವಿಷಯ. ಹೈದರಾಬಾದಲ್ಲಿ 'ಬಡೇ ಕಾ' ಅಂತ ಕೇಳಿದರೆ ಸಾಮಾನ್ಯವಾಗಿ ಸಿಗೋದು ಎಮ್ಮೆ ಅಥವಾ ಕೋಣದ ಮಾಂಸ. 'ಛೋಟೇ ಕಾ' ಅಂದರೆ ಮಟನ್. ಕಾನೂನು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಮಹಾರಾಷ್ಟ್ರದಲ್ಲಿ 2015ರಿಂದ ಹಸುವಿನ ಜೊತೆಗೆ ಹೋರಿ, ಎತ್ತುಗಳ ವಧೆಗೂ ನಿಷೇಧ ಇದೆ. ಎಮ್ಮೆ, ಕೋಣ ಆ ಪಟ್ಟಿಯಲ್ಲಿಲ್ಲ. ಕರ್ನಾಟಕದ 2020ರ ಕಾಯ್ದೆ 13 ವರ್ಷದೊಳಗಿನ ಎಮ್ಮೆ, ಕೋಣಗಳನ್ನೂ ಸೇರಿಸಿಕೊಂಡಿದೆ. ಹಾಗಾಗಿ ನೀವಿರೋ ಊರಲ್ಲಿ ಏನಿದೆ ತಿಳ್ಕೊಂಡು, ಲೈಸೆನ್ಸ್ ಇರೋ ಅಂಗಡಿಯಲ್ಲೇ ತಗೊಳ್ಳಿ. ಅಡುಗೆ ದೃಷ್ಟಿಯಿಂದ ಎಮ್ಮೆ ಮಾಂಸ ಈ ಸೂಪಿಗೆ ಚೆನ್ನಾಗೇ ಹೊಂದುತ್ತೆ. ಬಣ್ಣ ಗಾಢ, ಕೊಬ್ಬು ಕಡಿಮೆ, ಇರೋ ಕೊಬ್ಬು ಬೆಳ್ಳಗಿರುತ್ತೆ.

ಅರ್ಧ ಕೆಜಿ ಮಾಂಸ ತೋರಿಸಿ, ನಿಮ್ಮ ಕಣ್ಣೆದುರೇ ದಪ್ಪ ಕೀಮಾ ಮಾಡಿಸಿ. ಮೊದಲೇ ಮಾಡಿಟ್ಟ ಕೀಮಾ ಬೇಡ. ಇದಕ್ಕೆ ಕಾರಣ ಇದೆ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಮೇಲ್ಮೈಯಲ್ಲಿ ಇರುತ್ತೆ. ಕೀಮಾ ಮಾಡಿದಾಗ ಆ ಮೇಲ್ಮೈ ಎಲ್ಲ ಒಳಗೆ ಕಲಸಿ ಹೋಗುತ್ತೆ. ಅದಕ್ಕೇ ಕೀಮಾ ಒಳಗಿನವರೆಗೂ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅಂತಾರೆ. ಕುದಿಯೋ ಸೂಪಿನಲ್ಲಿ ಅದು ತಾನಾಗೇ ಆಗುತ್ತೆ. ಆದರೆ ಅಂಗಡಿಯಿಂದ ಒಲೆಗೆ ಬರೋ ತನಕ ತಡ ಮಾಡಬೇಡಿ. ತೊಳೆಯೋದಿದ್ದರೆ ತುಂಡಿರುವಾಗಲೇ ತೊಳೆದು ಒರೆಸಿ ಕೊಡಿ ಅನ್ನಿ. ಕೀಮಾ ಮಾಡಿದ ಮೇಲೆ ತೊಳೆದರೆ ಅದು ಸ್ಪಂಜಿನ ಹಾಗೆ ನೀರು ಕುಡಿದು ಕೂರುತ್ತೆ.

ಇನ್ನು ಬೇಕಾದ್ದು: ದೊಡ್ಡ ಈರುಳ್ಳಿ ಎರಡು, ಬೆಳ್ಳುಳ್ಳಿ ಎಂಟು ಎಸಳು, ಒಂದಿಂಚು ಶುಂಠಿ, ಕ್ಯಾರೆಟ್ ಎರಡು, ಆಲೂಗಡ್ಡೆ ಎರಡು, ಬೀನ್ಸ್ 100 ಗ್ರಾಂ, ಕಾಲು ಭಾಗ ಎಲೆಕೋಸು, ಟೊಮೇಟೊ ನಾಲ್ಕು, ಅರ್ಧ ಕಪ್ ಬಾರ್ಲಿ, ಪಲಾವ್ ಎಲೆ ಒಂದು, ಕಾಳುಮೆಣಸಿನ ಪುಡಿ, ಉಪ್ಪು, ಕೊತ್ತಂಬರಿ. ಬಾರ್ಲಿಯನ್ನು ಒಂದು ಗಂಟೆ ಮೊದಲೇ ನೆನೆಸಿಡಿ. ನೀರು ಒಂದೂವರೆ ಲೀಟರ್. ಗರಂ ಮಸಾಲೆ ಬೇಡ. ಹಾಕಿದರೆ ಇದು ತೆಳು ಕೀಮಾ ಸಾರು ಆಗುತ್ತೆ. ಅದೂ ಒಳ್ಳೇದೇ, ಆದರೆ ಅದು ಬೇರೆ ಅಡುಗೆ.

ಈಗ ಕ್ರಮ. ಇಲ್ಲಿ ಕ್ರಮವೇ ಎಲ್ಲ.

ಒಂದು, ಕೀಮಾ ಕಂದು ಮಾಡೋದು. ದಪ್ಪ ತಳದ ಪಾತ್ರೆ, ಐದು ಲೀಟರ್ ಕುಕ್ಕರ್ ಆದರೂ ಸರಿ, ಚೆನ್ನಾಗಿ ಕಾಯಿಸಿ. ಒಂದು ಚಮಚ ಎಣ್ಣೆ. ಅರ್ಧ ಕೀಮಾ ಮಾತ್ರ ಹಾಕಿ, ಹರಡಿ, ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ಕೈ ಸುಮ್ಮನಿರಲ್ಲ, ಗೊತ್ತು. ಆದರೂ ಸೌಟು ಆಡಿಸಬೇಡಿ. ಮಾಂಸಕ್ಕೆ ಹುರಿದ ಘಮ ಬರೋ ಮೈಯಾರ್ ಕ್ರಿಯೆ ಚುರುಕಾಗಿ ನಡೆಯೋಕೆ ಸುಮಾರು 140 ಡಿಗ್ರಿ ಬೇಕು. ಪಾತ್ರೆಯಲ್ಲಿ ನೀರಿರೋ ತನಕ ಬಿಸಿ 100 ದಾಟಲ್ಲ. ಎಲ್ಲ ಕೀಮಾ ಒಟ್ಟಿಗೆ ಹಾಕಿದರೆ ನೀರು ಬಿಟ್ಟು ಬೂದು ಬಣ್ಣಕ್ಕೆ ಬೇಯುತ್ತೆ, ಹುರಿಯಲ್ಲ. ಅದಕ್ಕೇ ಎರಡು ಕಂತು.

ಎರಡು, ಕೀಮಾ ತೆಗೆದಿಟ್ಟು ಅದೇ ಪಾತ್ರೆಗೆ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ. ಮೆತ್ತಗಾದ ಮೇಲೆ ಒಂದು ಲೋಟ ನೀರು ಹಾಕಿ ತಳಕ್ಕೆ ಅಂಟಿದ್ದನ್ನು ಸೌಟಿನಿಂದ ಕೆರೆದು ಬಿಡಿಸಿ. ತಳ ಹಿಡೀತು ಅಂತ ಅದನ್ನು ಸಿಂಕಿಗೆ ಚೆಲ್ಲಬೇಡಿ. ಸೂಪಿನ ಅರ್ಧ ರುಚಿ ಅಲ್ಲೇ ಇದೆ. ಕಪ್ಪಗಾಗಿದ್ದರೆ ಮಾತ್ರ ಕಹಿ, ಕಂದಾಗಿದ್ದರೆ ಚಿನ್ನ.

ಮೂರು, ಕೀಮಾ ವಾಪಸ್, ಬಾರ್ಲಿ, ಪಲಾವ್ ಎಲೆ, ಉಳಿದ ನೀರು, ಒಂದೂವರೆ ಚಮಚ ಉಪ್ಪು. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಮೇಲೆ ಬರೋ ನೊರೆ ತೆಗೆಯಿರಿ.

ನಾಲ್ಕು, ತರಕಾರಿ. ಆಲೂಗಡ್ಡೆ, ಕ್ಯಾರೆಟ್ ಮೊದಲು, ಹತ್ತು ನಿಮಿಷ. ಆಮೇಲೆ ಬೀನ್ಸ್, ಎಲೆಕೋಸು, ಎಂಟು ನಿಮಿಷ. ಟೊಮೇಟೊ ಕೊನೆಗೆ. ನಮಗೆ ಈರುಳ್ಳಿ ಆದ ತಕ್ಷಣ ಟೊಮೇಟೊ ಹಾಕಿ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಅದರ ಹುಳಿಗೆ ಆಲೂಗಡ್ಡೆ ಬೇಗ ಬೇಯಲ್ಲ, ಎಷ್ಟು ಕುದಿಸಿದರೂ ಒಳಗೆ ಗಟ್ಟಿ. ಆಲೂಗಡ್ಡೆ ಬೆಂದಿದೆ ಅಂತ ನೋಡಿಕೊಂಡು ಟೊಮೇಟೊ ಹಾಕಿ, ಇನ್ನು ಹತ್ತು ನಿಮಿಷ ಸಾಕು.

ಐದು, ಇನ್ನೂ ಗಟ್ಟಿ ಬೇಕಾದರೆ ಒಂದು ಚಮಚ ರಾಗಿ ಹಿಟ್ಟು ತಣ್ಣೀರಲ್ಲಿ ಕಲಸಿ ಹಾಕಿ, ಐದು ನಿಮಿಷ ಕುದಿಸಿ. ಮೆಣಸು, ಕೊತ್ತಂಬರಿ, ನಾಲ್ಕು ಹನಿ ನಿಂಬೆರಸ. ಮುಗೀತು.

ಒಂದು ಬಟ್ಟಲಿಗೆ ಹಸಿ ಲೆಕ್ಕದಲ್ಲಿ ಸುಮಾರು 80 ಗ್ರಾಂ ಮಾಂಸ, ಅದರಿಂದ ಸುಮಾರು 16 ಗ್ರಾಂ ಪ್ರೋಟೀನ್, ಜೊತೆಗೆ ದೇಹ ಸುಲಭವಾಗಿ ಹೀರಿಕೊಳ್ಳೋ ಕಬ್ಬಿಣಾಂಶ. ಹಾಗಂತ ದಿನಾ ತಿನ್ನಿ ಅನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕೆಂಪು ಮಾಂಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಅನ್ನೋ ಗುಂಪಿಗೆ ಸೇರಿಸಿತು. ಮಟನ್ನೂ ಆ ಕೆಂಪು ಮಾಂಸದಲ್ಲೇ ಬರುತ್ತೆ. ಮಾಂಸ ಕಡಿಮೆ, ತರಕಾರಿ ಜಾಸ್ತಿ ಅನ್ನೋ ಅಮ್ಮನ ಲೆಕ್ಕ ಇಲ್ಲೂ ಕೆಲಸಕ್ಕೆ ಬರುತ್ತೆ.

ಈಗ, ಮಟನ್ ಕೀಮಾದಲ್ಲೂ ಆಗುತ್ತೆ ಅಂತ ಹೇಳಿ ಸುಮ್ಮನಾಗಬಹುದಿತ್ತಲ್ಲ, ಬೀಫ್ ಅಂತ ಯಾಕೆ ಹೇಳಬೇಕು ಅಂತ ಕೆಲವರು ಕೇಳ್ತೀರಿ. ಮಟನ್ನಲ್ಲೂ ಖಂಡಿತ ಆಗುತ್ತೆ. ಆದರೂ ಹೇಳ್ತೀನಿ.

ಮದುವೆ ಆದ ಹೊಸದರಲ್ಲಿ ಇಲ್ಲಿ ಬಾಡಿಗೆ ಮನೆ ಹುಡುಕ್ತಿದ್ವಿ. ಓನರ್‌ಗಳು ಕಂಪನಿ ಕೇಳಿದರು, ಸಂಬಳ ಕೇಳಿದರು, ಎಂಟೆಕ್ ಅಂದಾಗ ಖುಷಿಪಟ್ಟರು. ಆಮೇಲೆ ಊಟದ ಪ್ರಶ್ನೆ. ಒಬ್ಬರು, "ಚಿಕನ್, ಮಟನ್ ಪರವಾಗಿಲ್ಲ, ಅದೊಂದು ಮಾತ್ರ ಬೇಡ" ಅಂದರು. ಹೆಸರು ಕೂಡ ಹೇಳಲಿಲ್ಲ, 'ಅದೊಂದು'. ನಾನು ಹೂಂ ಅನ್ನೋದರಲ್ಲಿದ್ದೆ, ಆಫೀಸಿಗೆ ಹತ್ತೇ ನಿಮಿಷದ ದಾರಿ ಅದು. ನನ್ನ ಹೆಂಡತಿ ಹೊರಗೆ ಬಂದ ಮೇಲೆ ಹೇಳಿದಳು: "ಸುಳ್ಳು ಹೇಳಿ ಸೇರ್ಕೋಬಹುದು. ಆದ್ರೆ ದಿನಾ ಕಿಟಕಿ ಮುಚ್ಚಿ ಅಡುಗೆ ಮಾಡೋಕೆ ನನ್ನಿಂದ ಆಗಲ್ಲ." ಇಂಥ ಮೂರು ಮನೆ ಬಿಟ್ವಿ. ಈಗಿರೋ ಮನೆಯಿಂದ ಆಫೀಸಿಗೆ ಮುಕ್ಕಾಲು ಗಂಟೆ. ಕಿಟಕಿ ತೆರೆದೇ ಇರುತ್ತೆ.

ಹೇಳಿಕೊಂಡು ತಿನ್ನೋದಕ್ಕೆ ಇನ್ನೊಂದು ಬದಿಯೂ ಇದೆ. ತಿನ್ನದವರಿಗೆ ಹೇಳದೆ ಬಡಿಸಬಾರದು. ರೂಮ್‌ಮೇಟ್ ತಿನ್ನಲ್ಲ ಅಂದರೆ ಪಾತ್ರೆ, ಸೌಟು ಬೇರೆ ಇಡಿ. ಫ್ರಿಜ್ಜಿನ ಡಬ್ಬಿ ಮೇಲೆ ಹೆಸರು ಬರೆಯಿರಿ. ನನ್ನ ಟೀಮಿನ ಉಡುಪಿಯ ಹುಡುಗನೊಬ್ಬ ಮನೆಗೆ ಬಂದಾಗ ಅವನಿಗೆ ಅಂತ ಮಾಂಸ ಇಲ್ಲದೆ ಬೇರೆ ಪಾತ್ರೇಲಿ ಇದೇ ಸೂಪ್ ಮಾಡ್ತೀವಿ. ಒಂದೇ ಟೇಬಲ್, ಎರಡು ಪಾತ್ರೆ. ಅವನು ನಮ್ಮ ಬಟ್ಟಲಿನ ಬಗ್ಗೆ ಮಾತಾಡಲ್ಲ, ನಾವು ಅವನ ಬಟ್ಟಲಿನ ಬಗ್ಗೆ ಮಾತಾಡಲ್ಲ. ಜಾವಾಸ್ಕ್ರಿಪ್ಟ್ ಬಗ್ಗೆ ಮಾತ್ರ ಜಗಳ.

ಕೊನೆಗೆ ಇಡೋದು ಹೇಗೆ ಅಂತ. ಬಿಸಿ ಪಾತ್ರೇನ ಹಾಗೇ ರಾತ್ರಿಯೆಲ್ಲ ಒಲೆ ಮೇಲೆ ಬಿಡಬೇಡಿ. ಅಗಲವಾದ ಎರಡು ಪಾತ್ರೆಗೆ ಹಾಕಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಮೂರು ದಿನ ಇಡಬಹುದು, ಪ್ರತಿ ಸಲ ಬೇಕಾದಷ್ಟೇ ತೆಗೆದು ಚೆನ್ನಾಗಿ ಕುದಿಸಿ. ಫ್ರೀಜರಿಗೆ ಹಾಕೋದಿದ್ದರೆ ಆಲೂಗಡ್ಡೆ ಹಾಕೋ ಮುಂಚೆಯೇ ಆ ಭಾಗ ತೆಗೆದಿಡಿ. ಹೆಪ್ಪುಗಟ್ಟಿ ಕರಗಿದ ಆಲೂಗಡ್ಡೆ ತರಿತರಿಯಾಗುತ್ತೆ.

ಜೊತೆಗೆ ಬ್ರೆಡ್ ಆಗಬಹುದು, ಜೋಳದ ರೊಟ್ಟಿ ಆಗಬಹುದು. ನಮ್ಮನೇಲಿ ಮುದ್ದೆ. ಮಾಡಿ ನೋಡಿ, ಉಪ್ಪು ಖಾರ ನಿಮ್ಮ ನಾಲಿಗೆಗೆ ಸರಿಮಾಡ್ಕೊಳ್ಳಿ. ಆಮೇಲೆ ಊರಿಂದ ಫೋನ್ ಬಂದು "ಊಟಕ್ಕೇನು?" ಅಂತ ಕೇಳಿದರೆ, ಏನು ಮಾಡಿದ್ದೀರೋ ಅದರ ಹೆಸರನ್ನೇ ಹೇಳಿ.