ಮಣಲೇರ ಕೇಳಿದ ನಾಯಿ

ಅದು ರಾಷ್ಟ್ರಕೂಟರ ಕಾಲ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಪಡೆ ಚೋಳರನ್ನು ಸೋಲಿಸಿತು. ಕೃಷ್ಣನ ಕಡೆಯಿಂದ ಅಲ್ಲಿ ಕಾದಿದ ಗಂಗರ ದೊರೆ ಬೂತುಗ ತನ್ನ ಬಂಟ ಮಣಲೇರನನ್ನು ಮೆಚ್ಚಿ, ‘ಏನು ಬೇಕೋ ಕೇಳು’ ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಒಡೆಯನಿಗೂ ಬಂಟನಿಗೂ ಒಂದೇ ಹುಚ್ಚು ಇದ್ದಿರಬೇಕು. ಇಲ್ಲದಿದ್ದರೆ ಅಷ್ಟು ಸಲುಗೆ ಎಲ್ಲಿಂದ ಬರಬೇಕು?  ಅಂದು ಬೇಟೆಯೇ ದಂಡಿನವರ ನಂಟು.

ಮುಂದೆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗಾಗಿ ಆತಕೂರು ಎಂಬ ಊರಿನಲ್ಲಿ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟುತ್ತದೆಂದೂ ಶಾಸನದಲ್ಲಿ ಕೊರೆಸಿದ್ದಾರೆ.