ನಾದದಾಸೋಹ

(ಶ್ರೀಮಠದ ಸುವರ್ಣಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಮಹೋತ್ಸವದ ಸ್ಮರಣಾರ್ಥವಾಗಿ ಶ್ರೀಮಠದಲ್ಲಿ ಒಂದು ಸಂಗೀತ ಪಾಠಶಾಲೆಯನ್ನು ತೆರೆಯಬೇಕೆಂದೂ, ತಾಯಿತಂದೆಗಳಿಲ್ಲದವರು, ಶಾಲೆಯನ್ನು ಬಿಟ್ಟು ಬೀದಿಯಲ್ಲಿ ಅಲೆಯುವವರು, ದುಶ್ಚಟಗಳಿಗೆ ಸಿಕ್ಕಿ ಮನೆಯವರಿಗೂ ಬೇಡವಾದವರು, ಇಂಥ ಬಾಲಕರಿಗೆ ಅದರಲ್ಲಿ ಮೊದಲು ಸ್ಥಳವನ್ನು ಕೊಡಬೇಕೆಂದೂ ಸನ್ನಿಧಿಯವರು ಸಂಕಲ್ಪಿಸಿರುವರು. ಇದನ್ನು ಕೇಳಿದ ಭಕ್ತರಲ್ಲಿ ಕೆಲವರು ನನ್ನೊಡನೆ ತಮ್ಮ ಶಂಕೆಯನ್ನು ತೋಡಿಕೊಂಡರು. ಹಸಿದವನಿಗೆ ಅನ್ನವಿಕ್ಕುವುದು ಮಠದ ಧರ್ಮ. ಅಕ್ಷರವನ್ನು ಕಲಿಸುವುದೂ ಧರ್ಮ. ಹಾಡುವುದಾದರೋ ಹೊಟ್ಟೆ ತುಂಬಿದವರ ವಿನೋದವಲ್ಲವೇ? ದಾರಿತಪ್ಪಿದ ಹುಡುಗನ ಕೈಗೆ ತಂಬೂರಿಯನ್ನು ಕೊಟ್ಟರೆ ಅವನು ಅದನ್ನು ಮಾರಿಕೊಂಡು ಹೋಗಲಾರನೇ? ಎಂದು ಅವರು ಕೇಳುತ್ತಾರೆ. ಪ್ರಶ್ನೆಯು ಸಾಧುವಾದುದೇ. ಇದಕ್ಕೆ ಬರಿಯ ತರ್ಕದಿಂದ ಸಮಾಧಾನ ಹೇಳುವುದಕ್ಕಿಂತ, ನಮ್ಮ ನಾಡಿನಲ್ಲಿಯೇ ನಡೆದುಹೋದ ಒಂದು ಚರಿತ್ರೆಯನ್ನು ಸ್ಮರಿಸುವುದು ಮೇಲೆಂದು ತೋರುತ್ತದೆ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಶಿಶುವು ಜನಿಸಿತು. ಅದು ಜನ್ಮಾಂಧ. ಅಣ್ಣನಾದ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಬಡವರ ಮನೆಯಲ್ಲಿ ಹುಟ್ಟಿದ ಅಂಧ ಬಾಲಕನಿಗೆ ಆ ಕಾಲದಲ್ಲಿ ಉಳಿದಿದ್ದ ದಾರಿಯು ಭಿಕ್ಷೆಯೊಂದೇ ಎಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. 1909ರಲ್ಲಿ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರ ಕಿವಿಗೆ ಈ ಮಕ್ಕಳ ಕಂಠವು ಬಿದ್ದಿತು. ಅವರು ಮೆಚ್ಚಿ ಕಾಸು ಕೊಟ್ಟು ಕಳುಹಿಸಲಿಲ್ಲ. ಮಕ್ಕಳನ್ನು ತಮ್ಮವರೆಂದು ಸ್ವೀಕರಿಸಿ ವಿದ್ಯೆಗೆ ಏರ್ಪಾಡು ಮಾಡಿದರು. ಗದಿಗೆಯ್ಯನು ಕರ್ನಾಟಕ ಪದ್ಧತಿಯನ್ನು ಅಭ್ಯಾಸಮಾಡಿದನು. ನೀಲಕಂಠಬುವಾ ಮಿರಜಕರರ ಬಳಿಯಲ್ಲಿ ಹಿಂದೂಸ್ತಾನೀ ಪದ್ಧತಿಯನ್ನು ಸಾಧಿಸಿ ಉಭಯಗಾನವಿಶಾರದನೆನಿಸಿದನು. ಅವರೇ ಗಾನಯೋಗಿ ಪಂಚಾಕ್ಷರ ಗವಾಯಿಗಳವರು.

ಇಂಥ ವಿದ್ಯೆಯುಳ್ಳವರು ರಾಜಾಸ್ಥಾನವನ್ನು ಸೇರಿ ಸುಖವಾಗಿರಬಹುದಾಗಿತ್ತು. ಗವಾಯಿಗಳವರು ಹಾಗೆ ಮಾಡಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದವರನ್ನೂ, ಅನಾಥರನ್ನೂ, ಜಾತಿಯನ್ನು ವಿಚಾರಿಸದೆ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸಿದರು. ಆ ಪಾಠಶಾಲೆಗೆ ಬಹುಕಾಲ ಗೋಡೆಯೂ ಇರಲಿಲ್ಲ, ಸೂರೂ ಇರಲಿಲ್ಲ. ಗುರುವು ಎಲ್ಲಿ ಇಳಿದರೋ ಅಲ್ಲಿಯೇ ಶಾಲೆ. ಭಕ್ತರು ಕೊಟ್ಟ ಜೋಳವೇ ಮಕ್ಕಳಿಗೆ ಆಹಾರ. ಅದು ಸಾಲದಾದಾಗ ನಾಟಕ ಮಂಡಳಿಯನ್ನು ಕಟ್ಟಿ, ಅದರಿಂದ ಬಂದುದನ್ನು ಮಕ್ಕಳ ಪೋಷಣೆಗೆ ವಿನಿಯೋಗಿಸಿದರು. 1942ರಲ್ಲಿ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮಕ್ಕೆ ಸ್ಥಿರವಾದ ನೆಲೆ ದೊರೆಯಿತು. 1944ನೆಯ ಜೂನ್ ತಿಂಗಳಲ್ಲಿ ಗವಾಯಿಗಳವರು ಲಿಂಗೈಕ್ಯರಾದರು. ಜೀವಮಾನವೆಲ್ಲ ಅಲೆದವರಿಗೆ ತಮ್ಮ ಮಕ್ಕಳನ್ನು ಒಂದು ಸೂರಿನಡಿಯಲ್ಲಿ ಕಾಣುವ ಭಾಗ್ಯವು ಎರಡೇ ವರ್ಷ ಲಭಿಸಿತು.

ಅವರ ತರುವಾಯ ಆ ಭಾರವನ್ನು ಹೊತ್ತವರು ಯಾರು? ಅದೇ ಗುರುವು ಸಾಕಿದ ಮತ್ತೊಬ್ಬ ಅಂಧ ಬಾಲಕ. 1914ರಲ್ಲಿ ದೇವಗಿರಿಯಲ್ಲಿ ಜನಿಸಿ, ಎಳೆತನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳವರು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆರು ದಶಕಗಳಿಗೂ ಮೀರಿ ಆಶ್ರಮವನ್ನು ನಡೆಸಿದರು. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲುಗಳಲ್ಲಿ ಅವರಿಗಿದ್ದ ಪ್ರಭುತ್ವವೂ, ಕನ್ನಡ, ಸಂಸ್ಕೃತ, ಹಿಂದೀ ಭಾಷೆಗಳಲ್ಲಿ ಅವರು ಮಾಡಿದ ಗ್ರಂಥರಚನೆಯೂ ಲೋಕವಿದಿತವಾಗಿವೆ. ಭಕ್ತರು ನೆರವೇರಿಸಿದ ತುಲಾಭಾರಗಳ ಧನವೆಲ್ಲವೂ ಆಶ್ರಮದ ಮಕ್ಕಳಿಗೇ ಸಂದಿತು.

ಇಲ್ಲಿ ತಾವು ಕೇಳಬಹುದು: ಗವಾಯಿಗಳವರು ಸಾಕಿದವರು ಕಣ್ಣಿಲ್ಲದವರು, ನಿರಪರಾಧಿಗಳು, ನಾವು ಕರೆಯಹೊರಟಿರುವವರಾದರೋ ಕಣ್ಣಿದ್ದೂ ದಾರಿತಪ್ಪಿದವರು. ಇವೆರಡೂ ಒಂದಾಗುವುದೆಂತು? ಅದೆಂತೆಂದರೆ, ಲೋಕವು ಇಬ್ಬರಿಗೂ ಒಂದೇ ಮಾತನ್ನು ಹೇಳಿದೆ: ನಿನ್ನಿಂದ ಯಾರಿಗೂ ಪ್ರಯೋಜನವಿಲ್ಲ ಎಂದು. ಆ ಮಾತನ್ನು ಬಾಲಕನು ನಂಬಿದನೆಂದರೆ ಅವನ ಕೇಡಿಗೆ ಬೇರೆ ಕಾರಣ ಬೇಡ. ಸಂಗೀತವು ಆ ನಂಬಿಕೆಯನ್ನು ಉಪದೇಶದಿಂದಲ್ಲ, ಅಭ್ಯಾಸದಿಂದ ಕೀಳುತ್ತದೆ. ತಂಬೂರಿಯ ಶ್ರುತಿಯು ಕೂಡಬೇಕಾದರೆ ಚಂಚಲನಾದವನೂ ಕ್ಷಣಕಾಲ ಮೌನವಾಗಿ ಆಲಿಸಲೇಬೇಕು. ಒಂದು ಅಲಂಕಾರವನ್ನು ನೂರು ಸಲ ಹಾಡಿದರೆ ನೂರೊಂದನೆಯ ಸಲ ತನ್ನ ತಪ್ಪು ತನಗೇ ಕೇಳಿಸುತ್ತದೆ. ಇನ್ನೊಬ್ಬರು ಬೈದು ತಿದ್ದಬೇಕಾಗಿಲ್ಲ. ಅವನು ತಬಲಾದ ಮುಂದೆ ಕುಳಿತನೆಂದರೆ ಹಾಡುವವನು ಅವನನ್ನೇ ನಂಬಿ ಸಮಕ್ಕೆ ಬರುತ್ತಾನೆ. ಯಾರೂ ನಂಬದಿದ್ದ ಹುಡುಗನನ್ನು ಒಬ್ಬನು ನಂಬಿದನು. ಅವನು ಆ ನಂಬಿಕೆಯನ್ನು ಕಾಯ್ದನು. ದಿನಕ್ಕೊಮ್ಮೆ ಹೀಗಾದರೆ ಸ್ವಭಾವವು ತಿರುಗದೆ ಇರುವುದೇ?

ಆ ಆಶ್ರಮಕ್ಕೆ ಕಣ್ಣುಳ್ಳವರೂ ಬಂದರು. ಯಲಿವಾಳದ ಬಸವರಾಜ ರಾಜಗುರುಗಳು ಎಳೆಯ ವಯಸ್ಸಿನಲ್ಲಿ ಪಂಚಾಕ್ಷರ ಗವಾಯಿಗಳವರ ಆಶ್ರಯಕ್ಕೆ ಬಂದು ಭಾರತವೇ ಮೆಚ್ಚುವ ಗಾಯಕರಾದರು. ತೊಗಲುಗೊಂಬೆಯಾಡಿಸುವವರ ಮಗನಾಗಿ 1953ರಲ್ಲಿ ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ವೆಂಕಟೇಶಕುಮಾರರು ಪುಟ್ಟರಾಜರ ಬಳಿಯಲ್ಲಿ 12 ವರ್ಷ ಕಲಿತರು. ಆದರೆ ನಾನು ಇವರನ್ನು ಮಾತ್ರ ಎಣಿಸಿ ಆಶ್ರಮದ ಬೆಲೆ ಕಟ್ಟಲಾರೆನು. ಹಳ್ಳಿಯ ಶಾಲೆಯಲ್ಲಿ ಸಂಗೀತ ಕಲಿಸುತ್ತ, ದೇವಸ್ಥಾನದಲ್ಲಿ ಭಜನೆ ಹೇಳುತ್ತ, ನಾಟಕದಲ್ಲಿ ಪೇಟಿ ಬಾರಿಸುತ್ತ, ತನ್ನ ಅನ್ನವನ್ನು ತಾನು ದುಡಿದು ಉಣ್ಣುವ ಹೆಸರಿಲ್ಲದ ಶಿಷ್ಯನೇ ಅದರ ನಿಜವಾದ ಫಲ.

ಈಗ ನನ್ನ ಒಂದು ಅಪರಾಧವನ್ನು ಈ ಸಭೆಯ ಮುಂದೆ ನಿವೇದಿಸಬೇಕಾಗಿದೆ. ಇಪ್ಪತ್ತೈದು ವರ್ಷಗಳ ಹಿಂದೆ ಬೇರೊಂದು ಪಾಠಶಾಲೆಯಲ್ಲಿ ನಾನು ಸಂಸ್ಕೃತವನ್ನು ಬೋಧಿಸುತ್ತಿದ್ದೆನು. ಅಲ್ಲಿದ್ದ ಒಬ್ಬ ಅನಾಥ ಹುಡುಗನಿಗೆ ಅಮರಕೋಶದ ಒಂದು ಶ್ಲೋಕವೂ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅವನು ಪಾಠವನ್ನು ತಪ್ಪಿಸುತ್ತಿದ್ದನು. ಅಡಿಗೆಮನೆಯಿಂದ ಬೆಲ್ಲವನ್ನೂ ಕೊಬ್ಬರಿಯನ್ನೂ ಕದಿಯುತ್ತಿದ್ದನು. ನಾನು ಹೊಡೆದೆನು. ಕಡೆಗೆ, ಇವನಿಂದ ಉಳಿದವರೂ ಕೆಡುವರೆಂದು ಹಿರಿಯರಿಗೆ ಹೇಳಿ ಅವನನ್ನು ಹೊರಗೆ ಕಳುಹಿಸಿದೆನು. ಅಂದಿನ ರಾತ್ರಿಯ ಭಜನೆಯಲ್ಲಿ ತಾಳವು ತಪ್ಪಿತು. ಮರುದಿನವೂ ತಪ್ಪಿತು. ಅಷ್ಟು ದಿನ ಮೂಲೆಯಲ್ಲಿ ಕುಳಿತು ತಾಳ ಹಾಕುತ್ತಿದ್ದವನು ಆ ಹುಡುಗನೇ ಎಂಬುದು ಆಗ ನನ್ನ ಅರಿವಿಗೆ ಬಂದಿತು. ಅವನ ನಾಲಗೆಯ ದೋಷವನ್ನು ಕಂಡೆನು, ಕೈಯ ದೋಷವನ್ನು ಕಂಡೆನು. ಕಿವಿಯ ಗುಣವನ್ನು ಕಾಣಲಿಲ್ಲ. ಜನರನ್ನು ಕಳುಹಿಸಿ ಹುಡುಕಿಸಿದೆನು. ಅವನು ಮರಳಿ ಬರಲಿಲ್ಲ. ಕಣ್ಣಿದ್ದ ನಾನು ಕಾಣದುದನ್ನು ಕಣ್ಣಿಲ್ಲದ ಗವಾಯಿಗಳವರು ಕಂಡಿದ್ದರು.

ಆದುದರಿಂದ ನನ್ನ ವಿಜ್ಞಾಪನೆಯಿಷ್ಟೇ. ತೆರೆಯುವ ಪಾಠಶಾಲೆಯು ವಾರಕ್ಕೊಂದು ಗಳಿಗೆ ನಡೆದು ಮುಗಿಯುವಂಥದಾಗಬಾರದು. ಅನ್ನ, ವಸತಿ, ಅಕ್ಷರ, ಸ್ವರ ಈ ನಾಲ್ಕೂ ಒಂದೆಡೆಯಲ್ಲಿರಬೇಕು. ಗುರುವು ಮಕ್ಕಳೊಡನೆಯೇ ಉಂಡು ಮಲಗುವವನಾಗಿರಬೇಕು. ನೋಡಿ, ಇಂಥವರನ್ನು ಉದ್ಧರಿಸಿದೆವು ಎಂದು ಜಾತ್ರೆಯಲ್ಲಿ ಆ ಮಕ್ಕಳನ್ನು ಮೆರೆಯಿಸುವುದಕ್ಕೆ ನಾವು ಆತುರಪಡಬಾರದು. ಹಿಂದಿನ ಕಥೆಯನ್ನು ಯಾರೂ ಅವರೆದುರಿಗೆ ಎತ್ತಬಾರದು. ಎಲ್ಲರೂ ಸುಧಾರಿಸುವರೆಂದು ನಾನು ಮಾತು ಕೊಡಲಾರೆನು. ಒಬ್ಬನು ತಂಬೂರಿಯನ್ನು ಮಾರಿಕೊಳ್ಳಲೂಬಹುದು. ಹೋದ ತಂಬೂರಿಯ ಬದಲಿಗೆ ಇನ್ನೊಂದನ್ನು ತರಿಸಬಹುದು. ಹೊರಗೆ ಹಾಕಿದ ಹುಡುಗನನ್ನು ಮರಳಿ ತರಿಸುವುದು ಎಷ್ಟು ಕಠಿಣವೆಂಬುದನ್ನು ನಾನು ಬಲ್ಲೆನು.

ಹಸಿವಿಗೆ ಅನ್ನದಾಸೋಹವಿರುವಂತೆ, ಬೇಡವಾದೆನೆಂಬ ದುಃಖಕ್ಕೆ ನಾದದಾಸೋಹವು ಈ ಮಠದಲ್ಲಿ ನಿತ್ಯವೂ ನಡೆಯಲಿ. ಅದಕ್ಕೆ ಭಕ್ತರೆಲ್ಲರೂ ತನುಮನಧನಗಳಿಂದ ನೆರವಾಗಲಿ ಎಂದು ಪ್ರಾರ್ಥಿಸುವೆನು.