ಕಲ್ಲಿನ ನಕಲು ಯಾರ ಕೈಗೆ?

(ಭಾಲ್ಕಿಯಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಕ್ಕದ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅದರ ಹೊರಗೋಡೆಯಲ್ಲಿ ಒಬ್ಬ ಹೆಣ್ಣುಮಗಳು ನಿಂತು ಅಕ್ಷರ ಬರೆಯುತ್ತಿದ್ದಾಳೆ. ಬರೆದದ್ದು ಕಲ್ಯಾಣದ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಹೊಗಳಿಕೆ. ಆದರೆ ಆಕೆಯನ್ನು ಕಡೆದವನು ದೊರೆಯಲ್ಲ, ಉಳಿ ಸುತ್ತಿಗೆ ಹಿಡಿದ ದುಡಿಮೆಗಾರ. ಆದ್ದರಿಂದ ಆ ಕಲ್ಲು ನಮ್ಮೆಲ್ಲರ ಆಸ್ತಿ.

ಕಲ್ಲಾದರೂ ಸವೆಯುತ್ತದೆ, ಒಡೆಯುತ್ತದೆ, ಕಳುವೂ ಆಗುತ್ತದೆ. ಅಂಗಡಿಕಾರನು ಖಾತೆ ವಹಿಯ ನಕಲನ್ನು ಮನೆಯಲ್ಲಿ ಏಕೆ ಇಡುತ್ತಾನೆ? ಅಂಗಡಿಗೆ ಬೆಂಕಿ ಬಿದ್ದರೂ ಲೆಕ್ಕ ಉಳಿಯಲೆಂದು. ಕಲ್ಲಿಗೂ ಅಂಥ ನಕಲು ಬೇಕು.

ಹಿಂದೆ ಶಾಸನದ ಮೇಲೆ ಒದ್ದೆ ಕಾಗದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಿದ್ದರು. ಈಗ ಕಲ್ಲನ್ನು ಮುಟ್ಟದೆ, ಸ್ಕ್ಯಾನರಿನ ಬೆಳಕು ಹಾಯಿಸಿ, ಅದರ ಉಬ್ಬುತಗ್ಗುಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಸುತ್ತಲಿನಿಂದ ನೂರಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುವ ದಾರಿಯೂ ಉಂಟು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಅಲ್ಲಿನ ಶಾಸನಗಳನ್ನು ಹೀಗೆ ಅಳೆಯತೊಡಗಿ, ಪ್ರತಿಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿಟ್ಟಿತು.

ಎಲ್ಲೆಡೆಯೂ ಹೀಗೆ ನಡೆಯುವುದಿಲ್ಲ. ಜರ್ಮನಿಯ ಬರ್ಲಿನ್ನಿನಲ್ಲಿ ಈಜಿಪ್ಟಿನ ರಾಣಿ ನೆಫರ್ತೀತಿಯ ಪ್ರಾಚೀನ ಶಿಲ್ಪವಿದೆ. 2008ರಲ್ಲಿ ಅದನ್ನು ಸ್ಕ್ಯಾನ್ ಮಾಡಿಸಿದರು. ನಕಲನ್ನು ಮಾತ್ರ ಒಳಗೇ ಇಟ್ಟುಕೊಂಡರು. ಅಮೆರಿಕದ ಒಬ್ಬ ಕಲಾವಿದ ಮೂರು ವರ್ಷ ಕಾನೂನಿನ ಬೆನ್ನು ಹತ್ತಿದ ಮೇಲೆ, 2019ರಲ್ಲಿ ಅದು ಜನರ ಕೈಗೆ ಬಂತು. ಸಾರ್ವಜನಿಕರ ವಸ್ತುವಿನ ನಕಲಿಗೆ ಬೀಗ ಹಾಕುವ ಹಕ್ಕು ಯಾರಿಗಿದೆ?

ನಮ್ಮ ಜಿಲ್ಲೆಯ ಗುಡಿಗಳ ವಿಷಯದಲ್ಲಿ ಹಾಗಾಗಬಾರದು. ನಮ್ಮ ಬೇಡಿಕೆಗಳು ಮೂರು.

ಒಂದು, ಸರಕಾರದ ಹಣದಿಂದ ತೆಗೆದ ನಕಲು ಗುತ್ತಿಗೆದಾರನ ಪೆಟ್ಟಿಗೆ ಸೇರಬಾರದು. ಬೀದರ, ಭಾಲ್ಕಿ, ಔರಾದಿನ ಗ್ರಂಥಾಲಯಗಳಲ್ಲಿ ಅದರ ಪ್ರತಿ ಇರಬೇಕು. ಔರಾದಿನ ಶಾಲೆಯ ಹುಡುಗಿಯೂ ಜಲಸಂಗ್ವಿಯ ಆ ಹೆಣ್ಣುಮಗಳ ಬೆರಳನ್ನು ಹತ್ತಿರದಿಂದ ನೋಡಬೇಕು, ಬಿಡಿಕಾಸು ಕೊಡದೆ.

ಎರಡು, ಈ ಕೆಲಸವನ್ನು ಐ.ಟಿ.ಐ. ಕಲಿತ ನಮ್ಮ ಮಕ್ಕಳಿಗೆ ಕಲಿಸಬೇಕು. ಅವರ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು.

ಮೂರು, ನಕಲು ಸಿಕ್ಕಿತೆಂದು ಮೂಲವನ್ನು ಕೈಬಿಡಬಾರದು. ಸೋರುವ ಚಾವಣಿಯ ಹಣವನ್ನು ಕಿತ್ತು ಯಂತ್ರಕ್ಕೆ ಸುರಿಯಬಾರದು. ವಹಿಯ ನಕಲು ಮನೆಯಲ್ಲಿದೆಯೆಂದು ಅಂಗಡಿಯ ಬಾಗಿಲು ತೆರೆದಿಟ್ಟು ಹೋಗುವ ವ್ಯಾಪಾರಿ ನಿಮ್ಮಲ್ಲಿ ಯಾರಿದ್ದೀರಿ?

ಈ ಮೂರನ್ನೂ ಮನವಿಯಾಗಿ ಬರೆದು ಜಿಲ್ಲಾಧಿಕಾರಿಗಳಿಗೆ ಒಪ್ಪಿಸೋಣ. ಕಾಗದ ಈ ಮೇಜಿನ ಮೇಲಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ. ಅದಕ್ಕೂ ಅಷ್ಟೇ ಬೆಲೆಯಿದೆ.